25 ದಿನದ ಮಗುವಿನ ಜೊತೆ ಆಟ ಆಡೋದು ಹೇಗೆ?

ನೀವು ಕೇಳಿರೋದು ಇಷ್ಟು: ಮಗುವಿಗೆ 25 ದಿನ. ಹೆಂಡತಿ ತವರಿನಲ್ಲಿದ್ದಾರೆ, ಬಾಣಂತನ ಅಲ್ಲೇ. ನೀವು ಶನಿವಾರ ಹೋಗಿ ಭಾನುವಾರ ರಾತ್ರಿ ವಾಪಸ್ ಬರುತ್ತೀರಿ. ಹೋದಾಗಲೆಲ್ಲ ಮಗು ಮಲಗಿರುತ್ತದೆ, ಎದ್ದರೆ ಹಾಲು, ಇಲ್ಲ ಅಂದರೆ ಅಳು. ಇಷ್ಟು ಸಣ್ಣ ಮಗುವಿನ ಜೊತೆ ಆಡೋದು ಹೇಗೆ, ಏನಾದರೂ ಆಟಿಕೆ ತಗೊಂಡು ಹೋಗಲಾ ಅಂತ.

ಆಟಿಕೆ ಬೇಡ, ನಿಮ್ಮ ಮುಖ ಸಾಕು. ನಾನೂ ನಿಮ್ಮ ಹಾಗೇ ಬೆಂಗಳೂರಿಗೂ ತಿಪಟೂರಿಗೂ ಮೂರು ತಿಂಗಳು ರೈಲಿನಲ್ಲಿ ಓಡಾಡಿದವನು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ಎರಡು ವಾರ ನಾನು ತೊಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದೆ. ಮಗಳನ್ನು ನೋಡುತ್ತಿದ್ದೆ, ಅಷ್ಟೇ. ಮೂರನೇ ವಾರ ಅತ್ತೆ ರೂಮಿನಿಂದ ಕರೆದರು. "ಬನ್ನಿ ಬನ್ನಿ, ಕಣ್ಣು ಬಿಟ್ಟಿದ್ದಾಳೆ. ಈಗಲೇ ಮಾತಾಡಿಸಿ, ಆಮೇಲೆ ಸಿಗಲ್ಲ" ಅಂದರು. ಆ ಮಾತೇ ನನಗೆ ದಾರಿ ತೋರಿಸಿತು.

ಈ ವಯಸ್ಸಿನ ಮಗು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ, ಅದೂ ತುಂಡು ತುಂಡಾಗಿ. ಉಳಿದ ಹೊತ್ತಿನಲ್ಲಿ ಹಾಲು, ಬಟ್ಟೆ, ಅಳು ಕಳೆದರೆ ಆಟಕ್ಕೆ ಅಂತ ಸಿಗೋದು ಚೂರೇ ಚೂರು. ಆ ಹೊತ್ತನ್ನು ಗುರುತು ಹಿಡಿಯೋದು ಕಷ್ಟವೇನಲ್ಲ. ಕೈಕಾಲು ಒದರಾಡದೆ ಸುಮ್ಮನಿರುತ್ತವೆ. ಕಣ್ಣು ಅಗಲವಾಗಿ ತೆರೆದು ಹೊಳೆಯುತ್ತಿರುತ್ತದೆ. ಉಸಿರು ಒಂದೇ ಸಮ ಆಡುತ್ತಿರುತ್ತದೆ. ಸಾಮಾನ್ಯವಾಗಿ ಹಾಲು ಕುಡಿದು ತೇಗಿದ ಮೇಲೆ ಹೀಗಿರುತ್ತದೆ. ಒಮ್ಮೊಮ್ಮೆ ಹತ್ತು ನಿಮಿಷ, ಒಮ್ಮೊಮ್ಮೆ ಎರಡೇ ನಿಮಿಷ. ಎಣ್ಣೆ ಹಚ್ಚಿ ನೀರು ಹಾಕಿದ ಮೇಲೆ ಮಾತ್ರ ಕಾಯಬೇಡಿ. ಆಗ ಮಕ್ಕಳು ಗಡದ್ದಾಗಿ ಮಲಗಿಬಿಡುತ್ತವೆ.

ಕಣ್ಣು ಬಿಟ್ಟು ಸುಮ್ಮನಿದೆ ಅಂದಾಗ ಎತ್ತಿಕೊಂಡು ಕೂತುಕೊಳ್ಳಿ. ತಲೆ ಮತ್ತು ಕತ್ತಿನ ಕೆಳಗೆ ನಿಮ್ಮ ಅಂಗೈ ಇರಲಿ. ನಿಮ್ಮ ಮುಖಕ್ಕೂ ಅದರ ಮುಖಕ್ಕೂ ಒಂದು ಗೇಣು ದೂರ, ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಯಾಕೆಂದರೆ ಈಗ ಮಗುವಿಗೆ ಚೆನ್ನಾಗಿ ಕಾಣೋದು 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ. ಹಾಲು ಕುಡಿಯುವಾಗ ಅಮ್ಮನ ಮುಖ ಇರೋದೂ ಹೆಚ್ಚು ಕಡಿಮೆ ಅಷ್ಟೇ ದೂರದಲ್ಲಿ, ಅಲ್ವಾ? ನಾನು ಕುರ್ಚಿಯಲ್ಲಿ ಕೂತು ತೊಟ್ಟಿಲೊಳಗೆ ಬಗ್ಗಿ ನಗುತ್ತಿದ್ದಾಗ ಅವಳಿಗೆ ನಾನೊಂದು ಮಸುಕು ಆಕಾರವಾಗಿ ಕಂಡಿರಬೇಕು.

ಒಂದು ವಿಷಯ ಮೊದಲೇ ಹೇಳುತ್ತೇನೆ. ಮಗು ನಿಮ್ಮ ಕಣ್ಣಿಗೆ ಕಣ್ಣು ಕೊಡದೆ ಹಣೆಯ ಮೇಲೆ, ಕೂದಲು ಶುರುವಾಗುವ ಕಡೆಗೇ ನೋಡುತ್ತಿದ್ದರೆ ಬೇಜಾರಾಗಬೇಡಿ. ಮೊದಲ ತಿಂಗಳಲ್ಲಿ ಮಕ್ಕಳಿಗೆ ಕಪ್ಪು ಬಿಳುಪು ಕೂಡುವ ಅಂಚು ಎದ್ದು ಕಾಣುತ್ತದೆ. ಕಪ್ಪು ಕೂದಲು, ಅದರ ಕೆಳಗೆ ಹಣೆ. ಅಲ್ಲೇ ಕಣ್ಣು ನಿಲ್ಲುತ್ತದೆ. ಎರಡು ತಿಂಗಳ ಹೊತ್ತಿಗೆ ನೋಟ ನಿಧಾನಕ್ಕೆ ಕೆಳಗಿಳಿದು ನಿಮ್ಮ ಕಣ್ಣಿಗೆ ಬರುತ್ತದೆ.

ಈಗ ಆಟ. ನನಗೆ ತುಂಬಾ ಇಷ್ಟವಾದದ್ದು ನಾಲಿಗೆ ಆಟ. ನಿಧಾನವಾಗಿ ನಾಲಿಗೆ ಹೊರಗೆ ಹಾಕಿ, ಒಳಗೆ ತಗೊಳ್ಳಿ. ಇನ್ನೊಂದು ಸಲ ಮಾಡಿ. ಆಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಹದಿನೈದರವರೆಗೆ ಎಣಿಸಿ. ಈ ಸುಮ್ಮನಿರೋದೇ ಮುಖ್ಯ, ನಾವು ದೊಡ್ಡವರು ತಪ್ಪೋದೂ ಇಲ್ಲೇ. ಮಗು ಉತ್ತರ ಕೊಡೋಕೆ ತುಂಬಾ ಹೊತ್ತು ತಗೊಳ್ಳುತ್ತದೆ. ಅಷ್ಟರಲ್ಲಿ ನಾವು ಚಪ್ಪಾಳೆ ತಟ್ಟಿ, ಗಿಲಕಿ ಅಲ್ಲಾಡಿಸಿ, ಹೆಸರು ಕೂಗಿ ಅದರ ಸರದಿಯನ್ನು ಕಿತ್ತುಕೊಂಡುಬಿಡುತ್ತೇವೆ.

ಆ ದಿನ ಸಂಜೆ ನಾಲ್ಕು ಗಂಟೆ ಇರಬಹುದು. ಕಿಟಕಿಯಿಂದ ಬೆಳಕು ನನ್ನ ಮುಖದ ಮೇಲೆ ಬೀಳುತ್ತಿತ್ತು, ಅವಳ ಕಣ್ಣಿಗೆ ಹೊಡೆಯುತ್ತಿರಲಿಲ್ಲ. ನಾನು ನಾಲಿಗೆ ತೋರಿಸಿ ಕಾದೆ. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ಕೆಳತುಟಿ ಸ್ವಲ್ಪ ಅಲುಗಿತು, ಬಾಯಿ ಪುಟ್ಟದಾಗಿ ತೆರೆಯಿತು. ಎಷ್ಟೋ ಹೊತ್ತಾದ ಮೇಲೆ, ಹಾಲಿನ ಬಿಳಿ ಇನ್ನೂ ಅಂಟಿದ್ದ ನಾಲಿಗೆಯ ತುದಿ ತುಟಿ ಮೇಲೆ ಬಂತು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಮತ್ತೆ ತೋರಿಸಿದೆ, ಅವಳು ಮತ್ತೆ ತೋರಿಸಿದಳು. ಮೂರನೇ ಸಲ ಆಕಳಿಸಿ ಮುಖ ಆಚೆ ತಿರುಗಿಸಿದಳು. ನಮ್ಮ ಮೊದಲ ಆಟ ಅದು.

ಇದರ ಬಗ್ಗೆ ಸಂಶೋಧಕರು ಇವತ್ತಿಗೂ ವಾದ ಮಾಡುತ್ತಾರೆ. 1977ರಲ್ಲಿ ಮೆಲ್ಟ್ಜಾಫ್ ಮತ್ತು ಮೂರ್ ಅನ್ನುವವರು, ಎರಡು ಮೂರು ವಾರದ ಮಕ್ಕಳೂ ದೊಡ್ಡವರ ಮುಖ ನೋಡಿ ಹಾಗೇ ಮಾಡುತ್ತವೆ ಅಂತ ಬರೆದರು. 2016ರಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ನೋಡಿದ ಇನ್ನೊಂದು ಅಧ್ಯಯನ, ಇದು ಅನುಕರಣೆ ಅನ್ನೋಕೆ ಆಧಾರ ಸಿಗಲಿಲ್ಲ ಅಂದಿತು. ಇರಲಿ. ಒಂದು ಗೇಣು ದೂರದಲ್ಲಿ ಅಪ್ಪನ ಮುಖ, ಆತುರವಿಲ್ಲದೆ ಕಾಯುವ ಅಪ್ಪ. ಮಗುವಿಗೆ ಇದಂತೂ ಸಿಗುತ್ತದೆ. ನನಗೆ ಅಷ್ಟು ಸಾಕು.

ದನಿಯ ವಿಷಯ ನಿಮಗೆ ಹೇಳಲೇಬೇಕು. ಹುಟ್ಟಿದ ಒಂದೆರಡು ದಿನಕ್ಕೇ ಮಗು ಅಮ್ಮನ ದನಿ ಗುರುತಿಸಿ ಅದನ್ನೇ ಬಯಸುತ್ತದೆ ಅಂತ 1980ರಲ್ಲೇ ಡಿಕ್ಯಾಸ್ಪರ್ ಮತ್ತು ಫೈಫರ್ ಅನ್ನುವ ಸಂಶೋಧಕರು ತೋರಿಸಿದ್ದರು. ಹೊಟ್ಟೆಯಲ್ಲಿದ್ದಾಗಿಂದ ಕೇಳಿದ ದನಿ ಅದು. ಡಿಕ್ಯಾಸ್ಪರ್ 1984ರಲ್ಲಿ ಅಪ್ಪಂದಿರ ದನಿಯನ್ನೂ ಪರೀಕ್ಷಿಸಿದರು. ಮಕ್ಕಳು ಒಂದು ಗಂಡು ದನಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಂಡುಕೊಂಡವು, ಆದರೆ ಅಪ್ಪನದೇ ಬೇಕು ಅನ್ನಲಿಲ್ಲ. ಓದಿದಾಗ ಮನಸ್ಸಿಗೆ ಚುಚ್ಚಿತು. ಆಮೇಲೆ ಅನ್ನಿಸಿತು, ಸರಿ, ಪರಿಚಯ ಮಾಡಿಕೊಳ್ಳೋದು ನನ್ನ ಕೆಲಸ ಅಂತ. ಅದಕ್ಕೆ ಒಂದೇ ಮಾತನ್ನು ಒಂದೇ ರಾಗದಲ್ಲಿ ಹೇಳೋಕೆ ಶುರು ಮಾಡಿದೆ. "ಬಂಗಾರೀ, ಅಪ್ಪ ಬಂದೆ, ಅಪ್ಪ ಬಂದೆ." ಎತ್ತಿಕೊಳ್ಳುವ ಮೊದಲು ಅದೇ, ಬಟ್ಟೆ ಬದಲಿಸುವಾಗಲೂ ಅದೇ. ನಿಮಗೆ ಹಾಡು ಬಂದರೆ ಹಾಡಿ. ಬಾರದಿದ್ದರೆ ರೈಲಿನಲ್ಲಿ ಏನೇನು ಕಂಡಿತು ಅಂತ ಹೇಳಿ. ನಡುನಡುವೆ ನಿಲ್ಲಿಸಿ, ಅದು ಒಂದು ಸಣ್ಣ ಸದ್ದು ಮಾಡಿದರೂ "ಹೌದಾ ಕಂದಾ?" ಅನ್ನಿ.

ಒದ್ದೆ ಬಟ್ಟೆ ಬದಲಿಸೋ ಕೆಲಸವನ್ನು ಕೇಳಿ ತಗೊಳ್ಳಿ. ಮನೆಯಲ್ಲಿ ಹೆಂಗಸರು "ನಿಮಗ್ಯಾಕೆ, ಬಿಡಿ" ಅನ್ನಬಹುದು. ಬಿಡಬೇಡಿ. ವಾರಾಂತ್ಯದ ಅಪ್ಪನಿಗೆ ಸಿಗುವ ಒಳ್ಳೆಯ ಆಟದ ಹೊತ್ತು ಅದು. ಬಟ್ಟೆ ಬಿಚ್ಚಿದ ಕೂಡಲೇ ಕಾಲು ಹಗುರಾಗಿ ಒದೆಯುತ್ತವೆ. ಎರಡೂ ಪಾದ ಹಿಡಿದು ಮೆಲ್ಲಗೆ ಸೈಕಲ್ ತುಳಿಸಿ, ಅಂಗಾಲಿಗೆ ಹೆಬ್ಬೆರಳು ಒತ್ತಿ. ಅಂಗೈಯಲ್ಲಿ ನಿಮ್ಮ ತೋರುಬೆರಳು ಇಟ್ಟರೆ ಮಗು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದು ಹುಟ್ಟಿನಿಂದ ಬಂದ ಹಿಡಿತ, ಐದಾರು ತಿಂಗಳಿಗೆ ತಾನಾಗೇ ಹೋಗುತ್ತದೆ. ಈಗಲೇ ಅನುಭವಿಸಿ.

ಇನ್ನೊಂದು, ಎದೆ ಮೇಲೆ ಮಲಗಿಸಿಕೊಳ್ಳೋದು. ದಿಂಬಿಗೆ ಒರಗಿ, ಶರ್ಟ್ ಬಿಚ್ಚಿ, ಮಗುವನ್ನು ಬೋರಲಾಗಿ ಬರಿ ಎದೆ ಮೇಲೆ ಹಾಕಿಕೊಂಡು ಬೆನ್ನಿಗೆ ತೆಳು ಹೊದಿಕೆ ಹೊದಿಸಿ. ನಿಮ್ಮ ಮುಖ ನೋಡೋಕೆ ಅಂತ ತಲೆ ಎತ್ತುವ ಪ್ರಯತ್ನ ಮಾಡುತ್ತದೆ, ಕತ್ತಿಗೆ ಬಲ ಬರುತ್ತದೆ. ಮೂರು ನಾಲ್ಕು ನಿಮಿಷ ಸಾಕು. ಅತ್ತೆ ಮನೆಯಲ್ಲಿ ಸಂಕೋಚ ಆಗುತ್ತದೆ, ಗೊತ್ತು. ಬಾಗಿಲು ಹಾಕಿಕೊಳ್ಳಿ. ಕಡಿಮೆ ತೂಕದ ಮಕ್ಕಳಿಗೆ ಇದೇ ಚಿಕಿತ್ಸೆ. ಕಾಂಗರೂ ಆರೈಕೆ ಅನ್ನುತ್ತಾರೆ, ಅಪ್ಪಂದಿರೂ ಮಾಡಬಹುದು. ನಿಮಗೆ ನಿದ್ದೆ ಬರುವ ಹಾಗಿದ್ದರೆ ಮಾತ್ರ ಬೇಡ. ಮಗು ಮಲಗೋದು ಯಾವಾಗಲೂ ಅಂಗಾತವಾಗಿ, ಅದರ ಜಾಗದಲ್ಲೇ.

ಆಟ ಯಾವಾಗ ನಿಲ್ಲಿಸಬೇಕು? ಮುಖ ತಿರುಗಿಸಿತು, ಆಕಳಿಸಿತು, ಬಿಕ್ಕಳಿಕೆ ಶುರುವಾಯಿತು, ಬೆರಳು ಬಿಚ್ಚಿ ಕೈ ಚಾಚಿತು ಅಂದರೆ ಸಾಕಾಗಿದೆ ಅಂತ ಅರ್ಥ. ನಾಲ್ಕನೇ ವಾರ ನಾನು ಇದನ್ನು ಕಡೆಗಣಿಸಿದೆ. ಇನ್ನೇನು ರೈಲಿಗೆ ಹೊರಡಬೇಕಿತ್ತು, ಇನ್ನೊಂದು ಸಲ ನೋಡಲಿ ಅನ್ನೋ ಆಸೆ. ಅವಳು ತಿರುಗಿದ ಕಡೆಗೆಲ್ಲ ನಾನೂ ಮುಖ ಒಯ್ದೆ. ಅಳು ಹಿಡಿದವಳು ನಾನು ಹೊರಡುವವರೆಗೂ ನಿಲ್ಲಿಸಲಿಲ್ಲ. ದಾರಿಯುದ್ದಕ್ಕೂ ಅದೇ ಅಳು ಕಿವಿಯಲ್ಲಿತ್ತು. ಮುಖ ತಿರುಗಿಸಿದರೆ ಕಾಯಿರಿ. ವಾಪಸ್ ತಿರುಗಿದರೆ ಆಟ ಮುಂದುವರಿಯಲಿ, ಇಲ್ಲದಿದ್ದರೆ ಸುಮ್ನೆ ಭುಜಕ್ಕೆ ಹಾಕಿಕೊಳ್ಳಿ.

ಮೇಲಕ್ಕೆ ಎಸೆದು ಹಿಡಿಯೋದು, ಜೋರಾಗಿ ಕುಲುಕೋದು ಖಂಡಿತ ಬೇಡ. ಕತ್ತು ನಿಲ್ಲೋಕೆ ಮಗುವಿಗೆ ಮೂರು ನಾಲ್ಕು ತಿಂಗಳಾದರೂ ತುಂಬಬೇಕು, ಕುಲುಕಿದರೆ ಮಿದುಳಿಗೇ ಪೆಟ್ಟು. ಮೊಬೈಲ್ ತೋರಿಸೋದೂ ಬೇಡ. ವರ್ಷ ತುಂಬುವವರೆಗೆ ಯಾವ ಪರದೆಯೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಚನ್ನಪಟ್ಟಣದ ಮರದ ಗಿಲಕಿ ಚೆನ್ನಾಗಿರುತ್ತದೆ, ಆದರೆ ಈಗ ತಂದರೆ ಮಗುವಿಗೆ ಹಿಡಿಯೋಕೆ ಬರಲ್ಲ. ಮೂರು ತಿಂಗಳು ತುಂಬಲಿ, ಆಗ ತನ್ನಿ.

ನಿಮ್ಮನ್ನು ನೋಡಿ ನಗೋದು ಆರರಿಂದ ಎಂಟು ವಾರಕ್ಕೆ ಶುರುವಾಗುತ್ತದೆ. ಈಗ ನಿದ್ದೆಯಲ್ಲಿ ನಗೋದು ಬೇರೆ, ದೇವರು ನಗಿಸ್ತಾನೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಮೂರು ತಿಂಗಳಾದರೂ ಮುಖ ನೋಡಿ ನಗಲಿಲ್ಲ, ಕಣ್ಣು ನಿಮ್ಮ ಹಿಂದೆ ಬರಲಿಲ್ಲ ಅಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ದೊಡ್ಡ ಸದ್ದಿಗೂ ಬೆಚ್ಚಲ್ಲ ಅಂದರೆ ಅಷ್ಟು ದಿನ ಕಾಯಬೇಡಿ, ಈಗಲೇ ತೋರಿಸಿ.

ಈ ಶನಿವಾರ ಉಗುರು ಕತ್ತರಿಸಿಕೊಂಡು ಹೋಗಿ. ವಾಚು, ಉಂಗುರ ಬಿಚ್ಚಿಡಿ, ಸೆಂಟ್ ಹಾಕಿಕೊಳ್ಳಬೇಡಿ. ಹೋದ ತಕ್ಷಣ ಸೋಪು ಹಾಕಿ ಕೈ ತೊಳೆಯಿರಿ. ನೆಗಡಿ ಇದ್ದರೆ ಆ ವಾರ ದೂರ ಇರಿ. ಮಗು ದಿನದಲ್ಲಿ ಯಾವ ಹೊತ್ತಿಗೆ ಕಣ್ಣು ಬಿಟ್ಟು ಸುಮ್ಮನಿರುತ್ತದೆ ಅಂತ ಇವತ್ತೇ ಫೋನ್ ಮಾಡಿ ಮನೆಯವರನ್ನು ಕೇಳಿ. ಆ ಹೊತ್ತಿಗೆ ಮನೆಯಲ್ಲಿರೋ ಹಾಗೆ ಬಸ್ಸೋ ರೈಲೋ ನೋಡಿ ಹೊರಡಿ.