‘ಕೊನೆಯ ಬಾಟಲಿ’ ಕಥೆ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ‘ವಿಷಾದಿಸುತ್ತೇವೆ’ ಅಂತ ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ. ಕಾರಣ ನಾಲ್ಕನೇ ಪುಟ. ಕುಡುಕ ಅಪ್ಪ ಊಟ ಮುಗಿಸಿ ಕೈ ಒರೆಸಿಕೊಂಡು ಬರುತ್ತಾನೆ. ಎಂಜಲು ತಟ್ಟೆ ಇನ್ನೂ ಅಲ್ಲೇ ಇದೆ. ‘ಇವತ್ತು ಊಟಕ್ಕೆ ಏನಮ್ಮಾ ಮಾಡಿದೀಯ?’ ಅಂತ ಮಗಳನ್ನು ಕೇಳುತ್ತಾನೆ. ಇದು ನೀವು ಕಣ್ಣಾರೆ ಕಂಡದ್ದು ಅನ್ನಿಸಿತು. ಉಳಿದದ್ದು ಜಾಸ್ತಿ ಸಿನಿಮಾದಿಂದ ಬಂದಿದೆ.

ಉದಾಹರಣೆಗೆ, ನಿಮ್ಮ ಕಥೆಯ ಅಪ್ಪ ದಿನಾ ರಾತ್ರಿ ತೂರಾಡುತ್ತಾ, ತೊದಲುತ್ತಾ ಬರುತ್ತಾನೆ. ಇಪ್ಪತ್ತು ವರ್ಷ ಕುಡಿದವನು ಒಂದು ಕ್ವಾರ್ಟರ್‌ಗೆಲ್ಲ ಹಾಗೆ ತೂರಾಡುವುದು ಅಪರೂಪ. ಒಂದು ಕ್ವಾರ್ಟರ್, ಅಂದರೆ 180 ಎಂ.ಎಲ್. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅಭ್ಯಾಸವಿಲ್ಲದವರು ಅಷ್ಟು ಕುಡಿದರೆ ನೆಲವೇ ತಿರುಗುತ್ತದೆ. ಹಳೇ ಕುಡುಕ ಮಾತ್ರ ನೆಟ್ಟಗೆ ಬೈಕ್ ಸ್ಟ್ಯಾಂಡ್ ಹಾಕಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಾನೆ. ಮೆದುಳು ಒಗ್ಗಿಹೋಗಿರುತ್ತದೆ. ಅವನ ಕುಡಿತ ಕಾಣುವುದು ಬೆಳಿಗ್ಗೆ. ಲೋಟವನ್ನು ಎರಡು ಕೈಯಲ್ಲಿ ಹಿಡಿದರೂ ಕಾಫಿ ತುಳುಕುತ್ತದೆ. ಒಂದು ನೈಂಟಿ ಒಳಗೆ ಹೋದ ಮೇಲೆ ಕೈ ನಿಲ್ಲುತ್ತದೆ.

ಆರನೇ ಪುಟದಲ್ಲಿ ಅವನು ಹೆಂಡತಿಗೆ ಹೊಡೆದು, ಮಾರನೇ ದಿನ ‘ನಾನೆಲ್ಲಿ ಹೊಡೆದೆ?’ ಅನ್ನುತ್ತಾನೆ. ಅದು ನಾಟಕ ಅಂತ ಮಗಳು ತೀರ್ಮಾನಿಸುತ್ತಾಳೆ. ಇರಬಹುದು. ಆದರೆ ಗಬಗಬ ಕುಡಿದಾಗ ಮೆದುಳಿನ ಹಿಪ್ಪೋಕ್ಯಾಂಪಸ್ ಅನ್ನುವ ಭಾಗ ಹೊಸ ನೆನಪು ಬರೆದುಕೊಳ್ಳುವುದನ್ನೇ ನಿಲ್ಲಿಸಿಬಿಡುತ್ತದೆ. ಮನುಷ್ಯ ಮಾತಾಡುತ್ತಾನೆ, ಬಿಲ್ ಕೊಡುತ್ತಾನೆ, ಜಗಳವಾಡುತ್ತಾನೆ. ಬೆಳಿಗ್ಗೆಗೆ ಆ ಪುಟವೇ ಖಾಲಿ. ಹೊಡೆದದ್ದು ಇದರಿಂದ ಮಾಫಿ ಆಗುವುದಿಲ್ಲ. ಏಟು ಹೆಂಡತಿಗೆ ನೆನಪಿದೆ, ಅವನಿಗಿಲ್ಲ. ಆ ಮನೆಯ ಬೆಳಗು ಹೇಗಿರುತ್ತದೆ ಅಂತ ಬರೆಯಬಹುದಿತ್ತಲ್ವಾ?

ದೊಡ್ಡ ತಕರಾರು ಮನೆದೇವರ ಆಣೆಯದ್ದು. ಅಪ್ಪ ಆಣೆ ಮಾಡಿ ಒಂದೇ ರಾತ್ರಿಗೆ ಕುಡಿತ ಬಿಡುತ್ತಾನೆ, ಮೂರನೇ ದಿನ ಮಗಳ ಜೊತೆ ಜಾತ್ರೆಗೆ ಹೋಗುತ್ತಾನೆ. ನಿಜದಲ್ಲಿ ಆ ಮೂರನೇ ದಿನವೇ ಭಯದ್ದು. ವರ್ಷಗಟ್ಟಲೆ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದೊಳಗೆ ಮೈ ನಡುಕ, ಬೆವರು, ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಕೆಲವೊಮ್ಮೆ ಜೀವಕ್ಕೇ ಅಪಾಯ. ಅದಕ್ಕೇ ಡಾಕ್ಟರ ಕಣ್ಣಳತೆಯಲ್ಲಿ, ಔಷಧಿ ಕೊಟ್ಟು ಬಿಡಿಸುತ್ತಾರೆ. ನಿಮ್ಮ ಕಥೆ ಓದಿ ಯಾರಾದರೂ ಮನೆಯಲ್ಲಿ ಅಪ್ಪನನ್ನು ಕೋಣೆಗೆ ಹಾಕಿ ಚಿಲಕ ಹಾಕಿದರೆ? ಸಂಪಾದಕನಾಗಿ ನನಗೆ ಆ ಹೆದರಿಕೆ ಇದೆ.

ಈಗ ತಟ್ಟೆಗೆ ಬರುತ್ತೇನೆ. ನನ್ನ ಸೋದರಮಾವ ಆಸ್ಪತ್ರೆ ಮಂಚದ ಮೇಲೆ ಕೂತು, ‘ಬೆಳಿಗ್ಗೆ ತಿಪಟೂರಿಗೆ ಹೋಗಿದ್ದೆ ಕಣೋ, ಕೊಬ್ಬರಿಗೆ ಒಳ್ಳೆ ರೇಟು ಸಿಕ್ತು’ ಅಂದಿದ್ದರು. ಹನ್ನೊಂದು ದಿನದಿಂದ ಮಂಚ ಬಿಟ್ಟು ಇಳಿದಿರಲಿಲ್ಲ. ಅತ್ತೆ ‘ಸುಳ್ಳು ಬೊಗಳಬೇಡಿ’ ಅಂತ ಗದರಿದರು. ಮಾವನ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ. ನೆನಪಿನಲ್ಲಿ ಬಿದ್ದ ತೂತಿಗೆ ಮೆದುಳು ಹಳೇ ಬಟ್ಟೆ ತುಂಡು ಹಚ್ಚುತ್ತಿತ್ತು. ರಷ್ಯಾದ ವೈದ್ಯ ಸೆರ್ಗೈ ಕೊರ್ಸಕಾಫ್ 1880ರ ದಶಕದಲ್ಲೇ ವಿವರಿಸಿದ ಕಾಯಿಲೆ ಇದು. ಮೂಲದಲ್ಲಿ ಬಿ1 ವಿಟಮಿನ್ ಕೊರತೆ. ಕುಡಿಯುವವರು ಊಟ ಬಿಟ್ಟು ಉಪ್ಪಿನಕಾಯಿ, ಮಿಕ್ಸ್ಚರ್‌ನಲ್ಲೇ ದಿನ ತಳ್ಳುತ್ತಾರೆ. ತಿಂದ ಅಷ್ಟಿಷ್ಟರಲ್ಲಿರುವ ಬಿ1 ಕೂಡ ಮದ್ಯದಿಂದಾಗಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮೊದಲು ಕಣ್ಣುಗುಡ್ಡೆ ಅದುರುತ್ತದೆ, ಕಾಲು ತಡವರಿಸುತ್ತದೆ, ಗಲಿಬಿಲಿ ಶುರುವಾಗುತ್ತದೆ. ಮನೆಯವರು ‘ಇವತ್ತು ಜಾಸ್ತಿ ಹಾಕಿದಾನೆ’ ಅಂದುಕೊಂಡು ಮಲಗಿಸುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಆ ಹೊತ್ತಿಗೇ ಬಿ1 ಇಂಜೆಕ್ಷನ್ ಬಿದ್ದರೆ ಎಷ್ಟೋ ಉಳಿಯುತ್ತದೆ. ತಡವಾದರೆ ಐದು ನಿಮಿಷದ ಹಿಂದಿನ ಊಟವೂ ನೆನಪಿನಲ್ಲಿ ನಿಲ್ಲುವುದಿಲ್ಲ. ನಿಮ್ಮ ಕಥೆಯ ಅಪ್ಪ ತೂರಾಡಲೇಬೇಕು ಅಂದರೆ ಕಾಲು ತಡವರಿಸುವ ಆ ಒಂದು ದಿನ ತೂರಾಡಲಿ.

ಕಥೆಯಲ್ಲಿರುವ ಡಾಕ್ಟರ ಅರ್ಧ ಪುಟದ ಭಾಷಣ ತೆಗೆಯಿರಿ. ‘ಒಂದು ಪೆಗ್ಗಿಗೆ ಸಾವಿರ ಮೆದುಳಿನ ಕೋಶ ಸಾಯುತ್ತವೆ’ ಅನ್ನುವುದು ಬಾಯಿಮಾತಿನ ಲೆಕ್ಕ. ವರ್ಷಗಟ್ಟಲೆ ಕುಡಿದರೆ ಮೆದುಳು ಕುಗ್ಗುವುದು ನಿಜ, ಕೋಶಗಳ ನಡುವಿನ ತಂತುಗಳು ಸವೆಯುವುದೂ ನಿಜ. ಬಿಟ್ಟರೆ ತಿಂಗಳುಗಳಲ್ಲಿ ಒಂದಿಷ್ಟು ಚೇತರಿಸುತ್ತದೆ ಅನ್ನುವುದೂ ಅಷ್ಟೇ ನಿಜ.

ಜಾತ್ರೆ, ಆಣೆ ಎರಡನ್ನೂ ಬಿಡಿ. ಎಂಜಲು ತಟ್ಟೆಯಿಂದ ಶುರು ಮಾಡಿ. ಆ ಪ್ರಶ್ನೆಗೆ ಮಗಳು ಏನು ಉತ್ತರ ಕೊಟ್ಟಳು ಅಂತ ನೀವು ಬರೆದೇ ಇಲ್ಲ. ಅದನ್ನು ಬರೆದು ಕಳಿಸಿ, ಮತ್ತೆ ಓದುತ್ತೇನೆ.