ಡ್ರಿಪ್ ಕಾಫಿ ಮೇಕರ್ ತಗೊಳ್ಳುವ ಮುಂಚೆ: ನಿಮ್ಮ ಮನೆ ಕಾಫಿಗೆ ಹಾಲು ಬೀಳುತ್ತಾ?

ನಿಮ್ಮ ಪ್ರಶ್ನೆ ಇದು: "ಮನೆಯಲ್ಲಿ ನಾನು, ಹೆಂಡತಿ, ಅತ್ತೆ ಮೂವರು. ಬೆಳಿಗ್ಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವವರೆಗೆ ಕಾಯುವ ಪುರುಸೊತ್ತಿಲ್ಲ. ನಾಲ್ಕು ಸಾವಿರದೊಳಗೆ ಒಳ್ಳೆಯ ಡ್ರಿಪ್ ಕಾಫಿ ಮೇಕರ್ ಯಾವುದು?"

ಹೆಸರು ಹೇಳುವ ಮುಂಚೆ ನಾನೇ ಒಂದು ಮಾತು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಕಾಫಿಗೆ ಹಾಲು ಬೀಳುತ್ತಾ? ಮೂವರೂ ಹಾಲಿನ ಕಾಫಿಯವರೇ ಆದರೆ, ಪುಡಿಯ ಮೇಲೆ ಬಿಸಿನೀರು ತೊಟ್ಟಿಕ್ಕಿಸಿ ಕಾಫಿ ಇಳಿಸುವ ಆ ಗಾಜಿನ ಜಗ್ಗಿನ ಮೆಷಿನ್ ತಗೊಂಡು ಒಂದೇ ತಿಂಗಳಲ್ಲಿ ಅಟ್ಟಕ್ಕೆ ಹಾಕುತ್ತೀರಿ. ನಾನು ಹಾಕಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಇದುವರೆಗೆ ನಮ್ಮ ಮನೆಗೆ ಮೂರು ಮೆಷಿನ್ ಬಂದಿವೆ. ಒಂದು ಸುಟ್ಟುಹೋಯಿತು, ಒಂದು ಅಟ್ಟ ಹತ್ತಿತು, ಒಂದು ಈಗಲೂ ಓಡುತ್ತಿದೆ.

ಸುಟ್ಟಿದ್ದರ ಕಥೆ ಚಿಕ್ಕದು, ಮೊದಲು ಅದನ್ನೇ ಮುಗಿಸುತ್ತೇನೆ. ಅಮೆರಿಕದಿಂದ ಬರುವಾಗ ಭಾವಮೈದ ಒಂದು ಮೆಷಿನ್ ತಂದುಕೊಟ್ಟ. ಪಿನ್ನಿಗೊಂದು ಅಡಾಪ್ಟರ್ ಸಿಕ್ಕಿಸಿ ಸ್ವಿಚ್ ಹಾಕಿದೆ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಇಳಿಸುವುದಿಲ್ಲ ಅನ್ನುವುದು ಆಗ ಹೊಳೆಯಲೇ ಇಲ್ಲ. ಅಲ್ಲಿ 120 ವೋಲ್ಟ್, ಇಲ್ಲಿ 230. ವೋಲ್ಟೇಜ್ ಹತ್ತಿರಹತ್ತಿರ ಎರಡರಷ್ಟಾದರೆ ನೀರು ಕಾಯಿಸುವ ಕಾಯಿಲ್ ಎಳೆಯುವ ಪವರ್ ನಾಲ್ಕರಷ್ಟರ ಹತ್ತಿರ ಹೋಗುತ್ತದೆ. 900 ವ್ಯಾಟಿನ ಮೆಷಿನ್ 3,300 ವ್ಯಾಟ್ ಎಳೆಯಲು ಹೋಯಿತು. 'ಟಪ್' ಅಂತ ಒಂದು ಸದ್ದು, ಸುಟ್ಟ ವಾಸನೆ, ಮನೆಯೆಲ್ಲ ಕತ್ತಲೆ. ತಪ್ಪು ನನ್ನದೇ. ನೆಂಟರು ಯಾರಾದರೂ ತರುತ್ತೇನೆ ಅಂದರೆ ಚಾಕೊಲೇಟ್ ಸಾಕು ಅನ್ನಿ.

ಈಗ ಹಾಲಿನ ವಿಷಯಕ್ಕೆ ಬರುತ್ತೇನೆ. ಡ್ರಿಪ್ ಮೆಷಿನ್ ಹುಟ್ಟಿದ್ದೇ ತಿಳಿಯಾದ, ದೊಡ್ಡ ಕಪ್ಪಿನ ಕಾಫಿಗೆ. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ ಊರಿನಲ್ಲಿ ಮೆಲಿಟ್ಟಾ ಬೆಂಟ್ಜ್ ಅನ್ನುವ ಗೃಹಿಣಿಗೆ ಕಪ್ಪಿನ ತಳದ ಚರಟ ಸಾಕಾಗಿಹೋಗಿತ್ತು. ಹಿತ್ತಾಳೆ ಪಾತ್ರೆಗೆ ಮೊಳೆಯಿಂದ ತೂತು ಹೊಡೆದರು. ಮಗನ ಶಾಲೆ ಪುಸ್ತಕದ ಬ್ಲಾಟಿಂಗ್ ಪೇಪರ್ ಹಾಸಿ ಕಾಫಿ ಸೋಸಿದರು. ಕಾಗದದ ಫಿಲ್ಟರ್ ಶುರುವಾಗಿದ್ದು ಹಾಗೆ. (ಹಿತ್ತಾಳೆಗೆ ತೂತು ಹೊಡೆಯುವವರೆಗೆ ನಮ್ಮ ಅಜ್ಜಿಯ ಫಿಲ್ಟರ್ ಥರವೇ ಇತ್ತು ನೋಡಿ, ಆಮೇಲೆ ದಾರಿ ಬೇರೆಯಾಯಿತು.) ಕರೆಂಟಿನ ಮೊದಲ ಡ್ರಿಪ್ ಮೆಷಿನ್ ವಿಗೋಮಾಟ್ ಕೂಡ ಜರ್ಮನಿಯದೇ, 1954ರದ್ದು. ಅಮೆರಿಕದ ಮನೆಗಳಿಗೆ ಇದನ್ನು ನುಗ್ಗಿಸಿದ್ದು 1972ರಲ್ಲಿ ಬಂದ ಮಿಸ್ಟರ್ ಕಾಫಿ. ಇವುಗಳಲ್ಲಿ ಯಾವುದೂ ಅರ್ಧ ಲೋಟ ಹಾಲನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ್ದಲ್ಲ.

ಅಳತೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಡ್ರಿಪ್ ಮೆಷಿನ್ನಿಗೆ ಲೀಟರ್ ನೀರಿಗೆ 55ರಿಂದ 60 ಗ್ರಾಂ ಪುಡಿ. ನಮ್ಮ ಮನೆ ಸ್ಟೀಲ್ ಫಿಲ್ಟರಿಗೆ 30 ಗ್ರಾಂ ಪುಡಿ ಹಾಕಿ 150 ಮಿಲಿ ಬಿಸಿನೀರು ಹೊಯ್ಯುತ್ತೇವೆ. ಲೀಟರ್ ಲೆಕ್ಕದಲ್ಲಿ ಅದು 200 ಗ್ರಾಂ ಆಯಿತು. ಪುಡಿ ತನ್ನ ತೂಕದ ಎರಡರಷ್ಟು ನೀರು ತಾನೇ ಕುಡಿದುಬಿಡುತ್ತದೆ, ಕೆಳಗೆ ಇಳಿಯುವುದು ಬರೀ 90 ಮಿಲಿ. ಆ 90 ಮಿಲಿ ಕಪ್ಪು ಡಿಕಾಕ್ಷನ್ನಿಗೆ ಕಾದ ಹಾಲು ಬೆರೆಸಿದರೆ ಮೂರು ಲೋಟ ಕಾಫಿ. ಮೆಷಿನ್ನಿನದು ಮೊದಲೇ ಕುಡಿಯುವ ಹದಕ್ಕೆ ತೆಳ್ಳಗಿರುತ್ತದೆ. ಅದಕ್ಕೆ ಅಷ್ಟೇ ಹಾಲು ಸುರಿದರೆ ಕಾಫಿ ಎಲ್ಲಿ ಉಳಿಯುತ್ತದೆ? ನಿಮ್ಮ ಅತ್ತೆ ಅಳಿಯನ ಮುಖ ನೋಡಿ ಸುಮ್ಮನಿರಬಹುದು. ನನ್ನ ಅಮ್ಮ ಸುಮ್ಮನಿರಲಿಲ್ಲ. "ಇದೇನೋ ಇದು, ಲೋಟ ತೊಳೆದ ನೀರು ಕೊಟ್ಟಿದ್ದೀಯ" ಅಂದರು.

ಆಗ ನಾನೊಂದು ಬುದ್ಧಿವಂತಿಕೆ ಮಾಡಿದೆ. ಎರಡನೇ ಮೆಷಿನ್, ಆ ದೊಡ್ಡದು, ಹತ್ತು ಕಪ್ಪಿನದು. ಅದಕ್ಕೆ ದಿನಾ ಫಿಲ್ಟರಿಗೆ ಹಾಕುವ ಪುಡಿಯನ್ನೇ ಮೂರರಷ್ಟು ತುಂಬಿದೆ. ಅದು 70-30, ಅಂದರೆ ನೂರರಲ್ಲಿ 30 ಪಾಲು ಚಿಕೋರಿ. ಚಿಕೋರಿ ಬಿಸಿನೀರಿಗೆ ಬಿದ್ದರೆ ಮೆತ್ತಗಾಗಿ ಅಂಟಿನ ಹಾಗೆ ಕೂತುಬಿಡುತ್ತದೆ. ನಮ್ಮ ಫಿಲ್ಟರಿನಲ್ಲಿ ಅದು ಒಳ್ಳೆಯದೇ, ನೀರು ನಿಧಾನ ಇಳಿಯುತ್ತದೆ, ಡಿಕಾಕ್ಷನ್ ಗಟ್ಟಿಯಾಗುತ್ತದೆ. ಮೆಷಿನ್ನಿನ ಕಾಗದದ ಫಿಲ್ಟರಿನಲ್ಲಿ ಅದು ಗಾರೆ ಹಾಕಿದ ಹಾಗೆ. ಕೆಳಗೆ ದಾರಿ ಮುಚ್ಚಿದ್ದು ಮೇಲಿಂದ ನೀರು ಸುರಿಯುವ ಮೆಷಿನ್ನಿಗೆ ಹೇಗೆ ಗೊತ್ತಾಗಬೇಕು? ಅದು ಸುರಿಯುತ್ತಲೇ ಇತ್ತು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪುಡಿ ಸಮೇತ ನೀರು ಅಂಚು ದಾಟಿ, ಅಡುಗೆಕಟ್ಟೆ ದಾಟಿ, ಚಮಚದ ಡ್ರಾಯರ್ ಒಳಗೆ ಇಳಿದಿತ್ತು. ಅವತ್ತೇ ಸಂಜೆ ಅದು ಅಟ್ಟ ಹತ್ತಿದ್ದು.

ನಿಮ್ಮ ಪುಡಿ ಪ್ಯಾಕೆಟ್ ತಿರುಗಿಸಿ ನೋಡಿ. ಚಿಕೋರಿ ಎಷ್ಟು ಪರ್ಸೆಂಟ್ ಅಂತ ಬರೆದಿರಲೇಬೇಕು. ನಮ್ಮ ಕಾನೂನಿನಲ್ಲಿ ಮಿಶ್ರಣದ ಪುಡಿಗೆ ಕಾಫಿ ಕನಿಷ್ಠ 51 ಪರ್ಸೆಂಟ್ ಇದ್ದರೆ ಸಾಕು, ಉಳಿದದ್ದೆಲ್ಲ ಚಿಕೋರಿ ಇರಬಹುದು. ಅಂಥ ಪುಡಿಯನ್ನು ಕಾಗದದ ಫಿಲ್ಟರಿಗೆ ಹಾಕಬೇಡಿ.

ಹಾಗಾದರೆ ಬೆಳಗಿನ ಗಡಿಬಿಡಿಗೆ ಏನು ಮಾಡುವುದು? ಖರ್ಚಿಲ್ಲದ ದಾರಿ ಒಂದಿದೆ, ನಮ್ಮ ಮನೆಯಲ್ಲಿ ಈಗಲೂ ನಡೆಯುವುದು ಅದೇ. ರಾತ್ರಿ ಪಾತ್ರೆ ಎತ್ತಿಟ್ಟ ಮೇಲೆ ಸ್ಟೀಲ್ ಫಿಲ್ಟರಿಗೆ ಪುಡಿ ಹಾಕಿ, ಹಗುರವಾಗಿ ಒತ್ತಿ, ಕುದಿ ಬಂದ ನೀರು ಹೊಯ್ದು ಮಲಗಿಬಿಡಿ. ಬೆಳಿಗ್ಗೆ ಹಾಲು ಕಾಯಿಸುವುದಷ್ಟೇ ಕೆಲಸ. ಆಗಷ್ಟೇ ಇಳಿದ ಡಿಕಾಕ್ಷನ್ನಿನ ಘಮ ಇದಕ್ಕೆ ಇರುವುದಿಲ್ಲ, ಒಪ್ಪುತ್ತೇನೆ. ಆದರೆ ಆರೂವರೆಗೆ ಶಾಲೆ ಬಸ್ಸಿಗೆ ಓಡುವ ಮನೆಯಲ್ಲಿ ಘಮದ ಮಾತು ಭಾನುವಾರಕ್ಕೆ ಇರಲಿ. ಒಂದೇ ಎಚ್ಚರಿಕೆ: ಡಿಕಾಕ್ಷನ್ನನ್ನು ಮತ್ತೆ ಒಲೆ ಮೇಲೆ ಕುದಿಸಬೇಡಿ. ಹಾಲನ್ನೇ ಚೆನ್ನಾಗಿ ಕಾಯಿಸಿ.

ಇಲ್ಲ, ಮೆಷಿನ್ನೇ ಬೇಕು ಅಂದರೆ ಡಿಕಾಕ್ಷನ್ ಇಳಿಸುವುದಕ್ಕೇ ಮಾಡಿದ ಕರೆಂಟಿನ ಮೆಷಿನ್ ನೋಡಿ. ಮಿಕ್ಸಿ ಮಾಡುವ ಪ್ರೀತಿ ಕಂಪನಿಯದೂ ಒಂದಿದೆ. ಕಡಿಮೆ ನೀರು, ಜಾಸ್ತಿ ಪುಡಿ, ಕಾಗದದ ಬದಲು ಜಾಲರಿ. ಫಿಲ್ಟರಿನಷ್ಟು ಗಟ್ಟಿ ಬರದಿದ್ದರೂ ಹಾಲು ತಡೆದುಕೊಳ್ಳುವಷ್ಟು ಬರುತ್ತದೆ. ಇದು ಸಾಮಾನ್ಯವಾಗಿ ನಿಮ್ಮ ಬಜೆಟ್ಟಿನೊಳಗೇ ಸಿಗುತ್ತದೆ. ಮೂವರ ಹಾಲಿನ ಕಾಫಿಗೆ ನನ್ನ ಓಟು ಇದಕ್ಕೆ.

ಇನ್ನು ಕಪ್ಪು ಕಾಫಿ ಕುಡಿಯುವವರು ಮನೆಯಲ್ಲಿ ಒಬ್ಬರಾದರೂ ಇದ್ದರೆ, ಗಾಜಿನ ಜಗ್ಗಿನ ಡ್ರಿಪ್ ಮೆಷಿನ್ ನಿಜಕ್ಕೂ ಒಳ್ಳೆಯ ವಸ್ತು. ನನ್ನ ಮೂರನೆಯದು ಅದೇ. ಬೆಳಿಗ್ಗೆ ಸ್ಟೀಲ್ ಫಿಲ್ಟರ್, ಹನ್ನೊಂದು ಗಂಟೆಗೆ ಇದು. ತಗೊಳ್ಳುವಾಗ ಏನು ನೋಡಬೇಕು ಅಂತ ಹೇಳುತ್ತೇನೆ.

ಇದರ ಒಳಗೆ ಪಂಪು ಗಿಂಪು ಏನೂ ಇಲ್ಲ. ತೊಟ್ಟಿಯ ನೀರು ಕೆಳಗಿನ ಅಲ್ಯೂಮಿನಿಯಂ ಕೊಳವೆಗೆ ಇಳಿಯುತ್ತದೆ. ಕೊಳವೆಗೆ ಅಂಟಿಕೊಂಡೇ ಕಾಯಿಲ್ ಇದೆ. ನೀರು ಕುದ್ದು ಗುಳ್ಳೆ ಎದ್ದಾಗ, ಹಿಂದಕ್ಕೆ ಹೋಗದಂತೆ ಒಂದು ಪುಟ್ಟ ವಾಲ್ವ್ ತಡೆಯುತ್ತದೆ. ಇನ್ನೆಲ್ಲಿಗೆ ಹೋಗಬೇಕು? ಗುಳ್ಳೆಗಳು ಬಿಸಿನೀರನ್ನು ಮೇಲಕ್ಕೆ ನೂಕುತ್ತವೆ, ಅದು ಪುಡಿಯ ಮೇಲೆ ತೊಟ್ಟಿಕ್ಕುತ್ತದೆ. ಆ ಗುಳುಗುಳು ಸದ್ದು ಅದೇ. ಜಗ್ಗಿನ ಕೆಳಗಿನ ಬಿಸಿ ತಟ್ಟೆಗೂ ಅದೇ ಕಾಯಿಲ್. ನಾಲ್ಕು ಸಾವಿರದೊಳಗಿನ ಮೆಷಿನ್ನುಗಳ ಒಳಗಿನ ಏರ್ಪಾಡು ಬಹುಮಟ್ಟಿಗೆ ಇಷ್ಟೇ. ಹಾಗಾಗಿ ಹೆಸರಿಗಿಂತ ಅಳತೆ ನೋಡಿ ಅನ್ನುತ್ತೇನೆ.

ಅಳತೆಯಲ್ಲಿ ಮೊದಲನೆಯದು ಕಪ್ಪಿನ ಲೆಕ್ಕ. ಡಬ್ಬದ ಮೇಲೆ 'ಹತ್ತು ಕಪ್' ಅಂತಿದ್ದರೆ ನಮ್ಮ ಲೋಟ ಅಂದುಕೊಳ್ಳಬೇಡಿ. ಅವರ ಕಪ್ಪು 125 ಮಿಲಿ, ಕೆಲವರದು 150. ಜಾಸ್ತಿ ಇರಲಿ ಅಂತ ದೊಡ್ಡದು ತಗೊಂಡರೂ ಕಷ್ಟವೇ, ಅದು ನನಗೆ ಅಟ್ಟದ ಮೆಷಿನ್ ಕಲಿಸಿದ ಪಾಠ. ಅಗಲ ಬುಟ್ಟಿಯಲ್ಲಿ ಎರಡು ಕಪ್ಪಿನ ಪುಡಿ ಹಾಕಿದರೆ ತೆಳ್ಳಗೆ ಹರಡಿಕೊಳ್ಳುತ್ತದೆ. ನೀರು ಪುಡಿಯ ಹತ್ತಿರ ನಿಲ್ಲದೆ ಸುರ್ ಅಂತ ಇಳಿದುಹೋಗುತ್ತದೆ. ಮನೆಗೆ 600 ಮಿಲಿಯದು ಸಾಕು.

ಆಮೇಲೆ ವ್ಯಾಟ್. ಕಾಫಿಗೆ ನೀರು 92ರಿಂದ 96 ಡಿಗ್ರಿ ಬಿಸಿ ಇದ್ದರೆ ಚೆನ್ನ. ಕಾಯಿಲ್ ತೀರಾ ಚಿಕ್ಕದಾದರೆ ನೀರು ಮೇಲೆ ಬರುವಷ್ಟರಲ್ಲಿ ಆರಿರುತ್ತದೆ, ಕಾಫಿ ಹುಳಿ ಹೊಡೆಯುತ್ತದೆ. 600 ಮಿಲಿಗೆ 700 ವ್ಯಾಟಿನ ಆಸುಪಾಸು ಇರಲಿ, ನಾಲ್ಕರಿಂದ ಎಂಟು ನಿಮಿಷದೊಳಗೆ ಪೂರ್ತಿ ಇಳಿಯಬೇಕು. ಬೆಂಗಳೂರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಗೆ, ಹಾಗಾಗಿ ಜಾಸ್ತಿ ಬಿಸಿಯಾಗಿ ಕೆಡುವ ಭಯ ಇಲ್ಲ. 1,000 ವ್ಯಾಟಿನವರೆಗೆ ಮಾಮೂಲಿ 6 ಆಂಪಿನ ಪ್ಲಗ್ಗೇ ತಡೆಯುತ್ತದೆ. ಗೀಸರಿನ ದೊಡ್ಡ ಪ್ಲಗ್ ಹುಡುಕಬೇಕಾಗಿಲ್ಲ.

ಬಿಸಿ ತಟ್ಟೆಯನ್ನು ನಂಬಬೇಡಿ. ಅದರ ಮೇಲೆ ಅರ್ಧ ಗಂಟೆ ಕೂತ ಕಾಫಿ ಕಷಾಯ. ಫ್ಲಾಸ್ಕಿನಂಥ ಜಗ್ ಇರುವ ಮೆಷಿನ್ನುಗಳೂ ಬರುತ್ತವೆ, ಆದರೆ ದುಬಾರಿ. ನಾನು ಇಳಿದ ತಕ್ಷಣ ಮನೆಯ ಹಳೇ ಫ್ಲಾಸ್ಕಿಗೆ ಬಗ್ಗಿಸಿ ಸ್ವಿಚ್ ಆರಿಸುತ್ತೇನೆ. ತಾನೇ ಆರುವ ವ್ಯವಸ್ಥೆ ಇದ್ದರೆ ಒಳ್ಳೆಯದು. ಟೈಮರ್, ಡಿಸ್‌ಪ್ಲೇ ಇವಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಗಾಜಿನ ಜಗ್ ಒಡೆದರೆ ಬರೀ ಜಗ್ ಸಿಗುತ್ತಾ ಅಂತ ಅಂಗಡಿಯವರನ್ನು ಮೊದಲೇ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ. ಸಿಂಕಿನಲ್ಲಿ ಒಂದು ದಿನ ಟಣ್ ಅಂದಾಗ ನೆನಪಾಗುತ್ತದೆ.

ಫಿಲ್ಟರ್ ವಿಷಯ. ಹೆಚ್ಚಿನವು ನೈಲಾನ್ ಜಾಲರಿ ಕೊಟ್ಟಿರುತ್ತವೆ. ಕಾಗದ ಹಾಕಿದರೆ ಎಣ್ಣೆಯಂಶ, ನುಣ್ಣನೆ ಪುಡಿ ಎರಡೂ ಮೇಲೇ ಉಳಿದು ಕಾಫಿ ತಿಳಿಯಾಗುತ್ತದೆ. ಜಾಲರಿಯದು ಸ್ವಲ್ಪ ಮಂದ, ತಳದಲ್ಲಿ ಚೂರು ಚರಟ. ನನಗೆ ಜಾಲರಿಯೇ ಇಷ್ಟ, ದಿನಾ ಕಾಗದಕ್ಕೆ ದುಡ್ಡು ಯಾರು ಕೊಡುತ್ತಾರೆ? ಪುಡಿ ಮಾತ್ರ ಬೇರೆಯೇ ಮಾಡಿಸಿ. ಚಿಕೋರಿ ಬೇಡ. ನಮ್ಮ ಫಿಲ್ಟರಿಗೆ ಚಿರೋಟಿ ರವೆಯ ಹದ ಇದ್ದರೆ, ಇದಕ್ಕೆ ಉಪ್ಪಿಟ್ಟಿನ ರವೆಯ ಹದ. ಹುರಿದು ಬೀಸಿಕೊಡುವ ಅಂಗಡಿಯಲ್ಲಿ 'ಡ್ರಿಪ್ ಮೆಷಿನ್ನಿಗೆ' ಅಂದರೆ ಗೊತ್ತಾಗುತ್ತದೆ. 600 ಮಿಲಿಗೆ 35 ಗ್ರಾಂ.

ಕೊನೆಗೆ ಎರಡು ಗಲೀಜು ವಿಷಯ. ಬೋರ್‌ವೆಲ್ ನೀರಾದರೆ ಕೊಳವೆಯೊಳಗೆ ಬಿಳಿ ಸುಣ್ಣ ಕಟ್ಟುತ್ತದೆ. ಮೊದಲು ಇಳಿಯುವುದು ನಿಧಾನವಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ತಿಂಗಳಿಗೊಮ್ಮೆ ಒಂದು ದೊಡ್ಡ ಚಮಚ ಸಿಟ್ರಿಕ್ ಆಮ್ಲವನ್ನು (ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೊಡುವುದು) ನೀರಿಗೆ ಕರಗಿಸಿ, ಪುಡಿ ಹಾಕದೆ ಓಡಿಸಿ. ಆಮೇಲೆ ಬರೀ ನೀರು ಎರಡು ಸಲ. ಇನ್ನೊಂದು, ಜಿರಲೆ. ಬೆಚ್ಚಗೆ, ಒದ್ದೆ, ಕತ್ತಲೆ, ಅವಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇಕಾ? ಕಾಫಿ ಆದ ಕೂಡಲೇ ಚರಟ ತೆಗೆದು ಗಿಡಕ್ಕೆ ಹಾಕಿ, ತೊಟ್ಟಿಯ ಮುಚ್ಚಳ ಒಂದು ಗಂಟೆ ತೆಗೆದಿಟ್ಟು ಪೂರ್ತಿ ಒಣಗಿದ ಮೇಲೆ ಮುಚ್ಚಿ.

ಹೆಸರು ಬೇಕೇ ಬೇಕು ಅಂದರೆ, ಫಿಲಿಪ್ಸ್, ಮಾರ್ಫಿ ರಿಚರ್ಡ್ಸ್ ಎರಡೂ ಇಂಥ ಚಿಕ್ಕ ಮೆಷಿನ್ ಮಾಡುತ್ತವೆ. ನಿಮ್ಮ ಊರಿನಲ್ಲಿ ಯಾರ ಸರ್ವಿಸ್ ಅಂಗಡಿ ಹತ್ತಿರ ಇದೆಯೋ ಅದನ್ನು ತಗೊಳ್ಳಿ. ಅದಕ್ಕೂ ಮುಂಚೆ ಮೂವರಲ್ಲಿ ಹಾಲಿಲ್ಲದೆ ಕುಡಿಯುವವರು ಯಾರಾದರೂ ಇದ್ದಾರಾ, ಈಗ ತರುತ್ತಿರುವ ಪುಡಿಯಲ್ಲಿ ಚಿಕೋರಿ ಎಷ್ಟಿದೆ, ಕೆಳಗೆ ಬರೆಯಿರಿ. ನಿಮ್ಮ ಫಿಲ್ಟರ್ ಎಷ್ಟು ದೊಡ್ಡದು ಅಂತಲೂ ಹೇಳಿದರೆ ರಾತ್ರಿ ಎಷ್ಟು ಪುಡಿ, ಎಷ್ಟು ನೀರು ಹಾಕಬೇಕು ಅನ್ನುವ ಲೆಕ್ಕ ಕೊಡುತ್ತೇನೆ.