ಹಾಡು ಕರೆಯಿತು, ಗಿಟಾರ್ ಓಗೊಟ್ಟಿತು

ಬ್ಲೂಸ್ ಎಂಬ ಸಂಗೀತದ ದೊರೆ, ಅಮೆರಿಕದ ಹಾಡುಗಾರ ಮತ್ತು ಗಿಟಾರ್ ವಾದಕ ಬಿ.ಬಿ. ಕಿಂಗ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಪುಟ್ಟ ಟಿಪ್ಪಣಿ ಓದಿ ಶಿವಮೊಗ್ಗದ ಹಿರಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಾತು ಹೀಗಿದೆ: "ಮಗನ ಫೋನಿನಲ್ಲಿ ಇವರ ನಾಲ್ಕು ಹಾಡು ಕೇಳಿದೆ. ಎಲ್ಲದರಲ್ಲೂ ಅದೇ ಮೂರು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ. ಒಂದೇ ಸಾಲನ್ನು ಎರಡು ಸಲ ಹಾಡ್ತಾರೆ. ಗಿಟಾರ್ ನಡುವೆ ನಾಲ್ಕು ಸ್ವರ ನುಡಿದು ಸುಮ್ಮನಾಗುತ್ತೆ. ಕೇಳಿದರೆ ಅಳುವ ಹಾಡು. ಇವರನ್ನು ದೊರೆ ಅಂತ ಯಾಕೆ ಕರೀತೀರಿ? ದೆವ್ವಕ್ಕೆ ಆತ್ಮ ಮಾರಿ ಕಲಿಯುವ ಸಂಗೀತ ಇದು ಅಂತ ಮಗ ಹೇಳಿದ. ಅದಾದರೂ ನಿಜವಾ?"

ಮಾನ್ಯರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಕಿವಿ ಚೆನ್ನಾಗಿದೆ. ಮೂರು ಕಾರ್ಡ್, ಎರಡು ಸಲ ಒಂದೇ ಸಾಲು, ನಡುನಡುವೆ ಸುಮ್ಮನಾಗುವ ಗಿಟಾರ್, ಮೂರನ್ನೂ ಸರಿಯಾಗಿಯೇ ಗುರುತಿಸಿದ್ದೀರಿ. ಆದರೆ ಅಲ್ಲಿ ನಿಮಗೆ ಕೊರತೆ ಕಂಡಿತು, ನನಗೆ ಬ್ಲೂಸ್‌ನ ಜೀವವೇ ಕಾಣುತ್ತದೆ. ಯಾಕೆ ಅಂತ ಹೇಳಬೇಕಾದರೆ ಹತ್ತಿ ಹೊಲದಿಂದಲೇ ಶುರು ಮಾಡಬೇಕು.

ಪಶ್ಚಿಮ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಅಮೆರಿಕದ ದಕ್ಷಿಣದಲ್ಲಿ ಮಾರಿದ ಜನ ತಮ್ಮ ವಾದ್ಯಗಳನ್ನು ತರುವ ಸ್ಥಿತಿಯಲ್ಲಿರಲಿಲ್ಲ. ಇಲ್ಲಿ ಡೋಲು ಮಾಡಿಕೊಂಡರೆ ಅದಕ್ಕೂ ತಡೆ. ಡೋಲಿನ ಸದ್ದಿನಲ್ಲಿ ದಂಗೆಯ ಸುದ್ದಿ ಹೋಗುತ್ತದೆ ಎಂದು ಹೆದರಿ ಸೌತ್ ಕೆರೊಲಿನಾ 1740ರಲ್ಲೇ ಅದನ್ನು ಕಾನೂನು ಮಾಡಿ ನಿಷೇಧಿಸಿತು. ಉಳಿದದ್ದು ಗಂಟಲು. ಹೊಲದಲ್ಲಿ ಒಬ್ಬ ಒಂದು ಸಾಲು ಎತ್ತಿ ಹಾಡುತ್ತಿದ್ದ, ಉಳಿದವರು ಒಟ್ಟಾಗಿ ಓಗೊಡುತ್ತಿದ್ದರು. ಆ ಲಯಕ್ಕೆ ಎಲ್ಲರ ಗುದ್ದಲಿಯೂ ಒಂದೇ ಹೊತ್ತಿಗೆ ನೆಲಕ್ಕೆ ಬೀಳುತ್ತಿತ್ತು. ನಾಟಿ ಹಾಡು ಕೇಳಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

1865ರಲ್ಲಿ ಗುಲಾಮಗಿರಿ ಹೋಯಿತು. ಭೂಮಿ ಮಾತ್ರ ಕರಿಯರ ಕೈಗೆ ಬರಲಿಲ್ಲ. ನಾವು ಕೋರಿಗೆ ಮಾಡುವುದು ಅಂತೀವಲ್ಲ, ಅಂಥ ಬೇಸಾಯ ಬಂತು. ಬೀಜ, ಹೇಸರಗತ್ತೆ, ದಿನಸಿ ಎಲ್ಲ ಧಣಿಯ ಅಂಗಡಿಯಿಂದ ಸಾಲಕ್ಕೆ. ವರ್ಷದ ಕೊನೆಗೆ ಹತ್ತಿ ತೂಗಿ ಲೆಕ್ಕ ಮಾಡುವವನೂ ಧಣಿಯೇ. ಎಷ್ಟೋ ಮನೆಗಳಲ್ಲಿ ವರ್ಷವಿಡೀ ದುಡಿದರೂ ಬಾಕಿಯೇ ಉಳಿಯುತ್ತಿತ್ತು. ಇನ್ನೊಂದು ಬದಲಾವಣೆಯೂ ಆಯಿತು. ಗುಂಪಾಗಿ ದುಡಿಯುತ್ತಿದ್ದವರು ಈಗ ತಮ್ಮ ತಮ್ಮ ತುಂಡು ಹೊಲದಲ್ಲಿ ಒಂಟಿಯಾದರು. ಹೇಸರಗತ್ತೆಯ ಹಿಂದೆ ನಡೆಯುತ್ತಾ ಒಬ್ಬನೇ ದನಿ ಎತ್ತಿ ಕೂಗುತ್ತಿದ್ದ. ಕರೆ ಇತ್ತು, ಓಗೊಡುವವರು ಇರಲಿಲ್ಲ. ಬ್ಲೂಸ್ ಹುಟ್ಟಿದ್ದು ಇಲ್ಲೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಗುಂಪು ಕೊಡುತ್ತಿದ್ದ ಉತ್ತರವನ್ನು ಆ ಒಂಟಿ ಮನುಷ್ಯನಿಗೆ ಒಂದು ತಂತಿ ಕೊಟ್ಟಿತು.

ಮೊದಲು ಅದು ನಿಜಕ್ಕೂ ತಂತಿಯಷ್ಟೇ. ಪೊರಕೆಗೆ ಸುತ್ತಿದ ತಂತಿ ಬಿಚ್ಚಿ, ಮನೆಯ ಮರದ ಗೋಡೆಗೆ ಎರಡು ಮೊಳೆ ಹೊಡೆದು ಬಿಗಿದು, ಬಾಟಲಿಯನ್ನು ಅದರ ಮೇಲೆ ಜಾರಿಸುತ್ತಾ ಮಕ್ಕಳು ನುಡಿಸುತ್ತಿದ್ದರು. ಆಮೇಲೆ ಅಂಚೆಯಲ್ಲಿ ತರಿಸಿಕೊಳ್ಳುವ ಅಗ್ಗದ ಗಿಟಾರ್ ಬಂತು. 1903ರ ಸುಮಾರಿಗೆ ಮಿಸಿಸಿಪಿಯ ಟಟ್‌ವೈಲರ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದ ಡಬ್ಲ್ಯೂ.ಸಿ. ಹ್ಯಾಂಡಿ ಎಂಬ ಬ್ಯಾಂಡ್ ಮಾಸ್ತರರಿಗೆ ನಿದ್ದೆಗಣ್ಣಿನಲ್ಲಿ ಒಂದು ಸದ್ದು ಕೇಳಿಸಿತು. ಪಕ್ಕದಲ್ಲಿ ಹರಿದ ಬಟ್ಟೆಯವನೊಬ್ಬ ಗಿಟಾರ್ ತಂತಿಗೆ ಚಾಕು ಒತ್ತಿ ನುಡಿಸುತ್ತಿದ್ದ. ಎರಡು ರೈಲು ದಾರಿ ಕೂಡುವ ಊರಿಗೆ ಹೋಗುತ್ತೇನೆ ಎಂಬ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದ. ಪ್ರತಿ ಸಾಲಿಗೂ ಗಿಟಾರ್ ಉತ್ತರ ಕೊಡುತ್ತಿತ್ತು. ಹ್ಯಾಂಡಿ ಮುಂದೆ ಈ ಬಗೆಯ ಹಾಡುಗಳನ್ನು ಬರೆದು ಅಚ್ಚು ಹಾಕಿಸಿದರು. 1920ರಲ್ಲಿ ಮೇಮಿ ಸ್ಮಿತ್ ಎಂಬ ಗಾಯಕಿ ಹಾಡಿದ ಗ್ರಾಮೋಫೋನ್ ತಟ್ಟೆ ಭರ್ಜರಿಯಾಗಿ ಮಾರಾಟವಾದ ಮೇಲೆ ಕಂಪನಿಗಳು ಹಾಡುಗಾರರನ್ನು ಹುಡುಕಿಕೊಂಡು ಹೊರಟವು. ಹೆಸರಿನ ವಿಷಯಕ್ಕೆ ಬಂದರೆ, ಮನಸ್ಸು ಕುಗ್ಗುವುದಕ್ಕೆ ಇಂಗ್ಲಿಷಿನಲ್ಲಿ 'ನೀಲಿ ಪಿಶಾಚಿ' ಹಿಡಿಯಿತು ಎನ್ನುವ ಹಳೆಯ ಮಾತಿತ್ತು. ಬ್ಲೂಸ್ ಅಲ್ಲಿಂದ ಬಂದ ಹೆಸರು.

ನಿಮ್ಮ ಮಗ ಹೇಳಿದ ದೆವ್ವದ ಕತೆ ರಾಬರ್ಟ್ ಜಾನ್ಸನ್ ಎಂಬ ಬ್ಲೂಸ್ ಹಾಡುಗಾರನ ಬಗ್ಗೆ ಹಬ್ಬಿದ್ದು. ಅವರು 1936 ಮತ್ತು 37ರಲ್ಲಿ 29 ಹಾಡು ಧ್ವನಿಮುದ್ರಿಸಿ, 1938ರಲ್ಲಿ 27ನೇ ವಯಸ್ಸಿಗೆ ತೀರಿಕೊಂಡರು. ಮೊದಲು ಗಿಟಾರ್ ಸರಿಯಾಗಿ ಬಾರದ ಹುಡುಗ ಊರು ಬಿಟ್ಟು ಹೋಗಿ, ತಿರುಗಿ ಬಂದಾಗ ಎಲ್ಲರನ್ನೂ ಮೀರಿಸಿದ್ದ. ಜನ ಕತೆ ಕಟ್ಟಿದರು. ನಿಜವೇನೆಂದರೆ ಅವರು ಐಕ್ ಝಿಮರ್‌ಮನ್ ಎಂಬ ಗುರುವಿನ ಬಳಿ ಕೂತು ಕಲಿತಿದ್ದರು. ಈ ದೆವ್ವದ ಕತೆ ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಹಗಲು ರಾತ್ರಿ ಬೆರಳು ಸವೆಸಿದವನ ಶ್ರಮವನ್ನು ಸುಮ್ನೆ ದೆವ್ವದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಈಗ ನೀವು ಹೇಳಿದ ಎರಡು ಸಲದ ಸಾಲಿನ ವಿಷಯ. ಬ್ಲೂಸ್ ಪದ್ಯಕ್ಕೆ ಸಾಮಾನ್ಯವಾಗಿ ಮೂರು ಸಾಲು, ಮೊದಲನೆಯದೇ ಎರಡನೆಯದಾಗಿ ಮರಳುತ್ತದೆ. ಉದಾಹರಣೆಗೆ ನಾನೇ ಒಂದು ಕಟ್ಟುತ್ತೇನೆ:

ಬೆಳಗಿನ ರೈಲು ಹೋಯ್ತು, ನನ್ನೋಳು ಅದರಲ್ಲೇ ಹೋದಳು.
ಹೌದು, ಬೆಳಗಿನ ರೈಲು ಹೋಯ್ತು, ನನ್ನೋಳು ಅದರಲ್ಲೇ ಹೋದಳು.
ಸ್ಟೇಷನ್ ಖಾಲಿಯಾಯ್ತು, ನನ್ನ ಕಾಲು ಮಾತ್ರ ಅಲ್ಲೇ ನಿಂತವು.

ಒಂದೊಂದು ಸಾಲಿಗೂ ನಾಲ್ಕು ನಾಲ್ಕರಂತೆ 16 ಎಣಿಕೆ. ಹಾಡು ಸಾಮಾನ್ಯವಾಗಿ ಅದರಲ್ಲಿ ಅರ್ಧ, ಹೆಚ್ಚೆಂದರೆ ಮುಕ್ಕಾಲು ಪಾಲು ತುಂಬುತ್ತದೆ. ಉಳಿದದ್ದನ್ನು ಬೇಕೆಂದೇ ಖಾಲಿ ಬಿಡುತ್ತಾರೆ. ಅದು ಗಿಟಾರಿನ ಪಾಲು. ಹೊಲದಲ್ಲಿ ಗುಂಪು ಓಗೊಡುತ್ತಿದ್ದ ಜಾಗ ಅದೇ. ಒಂದೇ ಸಾಲು ಎರಡು ಸಲ ಬಂದರೂ ಗಿಟಾರಿನ ಉತ್ತರ ಬೇರೆಯಾಗಿರುತ್ತದೆ. ಕಾರ್ಡ್ ಬದಲಾಗಿರುತ್ತದೆ, ಹಾಗಾಗಿ ಅದೇ ಮಾತಿನ ಬಣ್ಣವೂ ಬದಲಾಗುತ್ತದೆ.

ಬಿ.ಬಿ. ಕಿಂಗ್ ಬದುಕಿದ್ದು ಆ ಖಾಲಿ ಜಾಗದಲ್ಲಿ. ಹೆಸರು ರೈಲಿ ಕಿಂಗ್. 1925ರ ಸೆಪ್ಟೆಂಬರ್ 16ರಂದು ಮಿಸಿಸಿಪಿಯ ಇಟ್ಟ ಬೇನ ಹತ್ತಿರ, ಕೋರು ಬೇಸಾಯದ ಮನೆಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಾಯಿ ಹೋದರು. ಹತ್ತಿ ಬಿಡಿಸಿದರು, ದೊಡ್ಡವರಾದ ಮೇಲೆ ಇಂಡಿಯನೋಲದಲ್ಲಿ ಟ್ರ್ಯಾಕ್ಟರ್ ಓಡಿಸಿದರು. ಶನಿವಾರ ಪೇಟೆಯ ಮೂಲೆಯಲ್ಲಿ ಕೂತು ಹಾಡುತ್ತಿದ್ದರು. ದೇವರ ಹಾಡು ಕೇಳಿದವರು ತಲೆ ಸವರಿ, ಚೆನ್ನಾಗಿ ಹಾಡ್ತೀಯ ಮಗಾ ಅಂದು ಹೋಗುತ್ತಿದ್ದರಂತೆ. ಬ್ಲೂಸ್ ಕೇಳಿದವರು ಕಾಸು ಹಾಕುತ್ತಿದ್ದರಂತೆ. ತಾನು ಬ್ಲೂಸ್ ಹಾಡುಗಾರನಾದದ್ದು ಹೀಗೆ ಅಂತ ಅವರೇ ಎಷ್ಟೋ ಸಲ ಹೇಳಿದ್ದಾರೆ.

1946ರಲ್ಲಿ ಒಂದು ಸಂಜೆ ಟ್ರ್ಯಾಕ್ಟರಿನ ಹೊಗೆ ಕೊಳವೆ ಮುರಿಯಿತು. ಧಣಿಗೆ ಹೆದರಿ, ಗಿಟಾರ್ ಎತ್ತಿಕೊಂಡು ಮೆಂಫಿಸ್ ನಗರಕ್ಕೆ ಓಡಿದರು. ಅಲ್ಲಿ ತಾಯಿಯ ಕಡೆ ನೆಂಟ ಬುಕ್ಕ ವೈಟ್ ಇದ್ದರು. ಬೆರಳಿಗೆ ಲೋಹದ ಕೊಳವೆ ಹಾಕಿ ತಂತಿಯ ಮೇಲೆ ಜಾರಿಸಿ ನುಡಿಸುವುದರಲ್ಲಿ ಅವರು ದೊಡ್ಡ ಕೈ. ಹುಡುಗನಿಗೆ ಎಷ್ಟು ತಿಣುಕಿದರೂ ಅದು ಬರಲಿಲ್ಲ. ಆ ಸದ್ದು ಮಾತ್ರ ಬೇಕಿತ್ತು. ಬರಿಗೈಯಲ್ಲೇ ಅದನ್ನು ತರಲು ಹೊರಟಾಗ ಸಿಕ್ಕಿದ್ದೇ ಅವರ ಹೆಸರಾಂತ ಕಂಪನ. ವಿಡಿಯೋ ಸಿಕ್ಕರೆ ಎಡಗೈ ನೋಡಿ. ಬೆರಳು ತಂತಿಯನ್ನು ಒತ್ತಿ ಹಿಡಿದಿರುತ್ತದೆ, ಹೆಬ್ಬೆರಳು ಗಿಟಾರನ್ನು ಬಿಟ್ಟುಬಿಡುತ್ತದೆ, ಇಡೀ ಅಂಗೈ ಮಣಿಕಟ್ಟಿನಿಂದ ಚಿಟ್ಟೆಯ ರೆಕ್ಕೆಯ ಹಾಗೆ ಪಟಪಟ ಅಲುಗುತ್ತದೆ. ಸ್ವರ ಮನುಷ್ಯನ ಗಂಟಲಿನಂತೆ ನಡುಗುತ್ತದೆ. ತಂತಿಯನ್ನು ಪಕ್ಕಕ್ಕೆ ತಳ್ಳಿ ಅವರು ಹಿಡಿಯುವ ಒಂದು ಗಾಂಧಾರವಿದೆ. ಕೋಮಲವೂ ಅಲ್ಲ, ಶುದ್ಧವೂ ಅಲ್ಲ, ನಡುವಿನದು. ಹಾರ್ಮೋನಿಯಂನ ಯಾವ ಮನೆ ಒತ್ತಿದರೂ ಅದು ಸಿಗುವುದಿಲ್ಲ. ಗಮಕ ಕೇಳಿ ಬೆಳೆದ ನಿಮಗೆ ಮಾತ್ರ ಥಟ್ಟನೆ ಗೊತ್ತಾಗುತ್ತದೆ.

ಮೆಂಫಿಸ್‌ನ ಡಬ್ಲ್ಯೂಡಿಐಎ ರೇಡಿಯೋದಲ್ಲಿ ಒಂದು ಟಾನಿಕ್ಕಿನ ಜಾಹೀರಾತು ಹಾಡುತ್ತಾ ಅವರು ಮನೆಮಾತಾದರು. ಆ ಊರಿನ ಬೀಲ್ ಸ್ಟ್ರೀಟ್ ಎಂಬ ಬೀದಿಯ ಹೆಸರು ಸೇರಿಸಿ ಬೀಲ್ ಸ್ಟ್ರೀಟ್ ಬ್ಲೂಸ್ ಬಾಯ್ ಎಂದು ಕರೆದರು, ಅದು ಬ್ಲೂಸ್ ಬಾಯ್ ಆಯಿತು, ಕೊನೆಗೆ ಬಿ.ಬಿ. ಉಳಿಯಿತು. ಟ್ವಿಸ್ಟ್ ಎಂಬ ಊರಿನ ಕತೆಯನ್ನೂ ಹೇಳಬೇಕು. 1949ರ ಚಳಿಗಾಲ. ಕುಣಿತದ ಮನೆಯ ನಡುವೆ ಬೆಚ್ಚಗಾಗಲು ಡ್ರಮ್ಮಿನಲ್ಲಿ ಸೀಮೆಎಣ್ಣೆ ಉರಿಸಿದ್ದರು. ಇಬ್ಬರು ಜಗಳವಾಡಿ ಅದನ್ನು ಉರುಳಿಸಿದರು. ಎಲ್ಲರೂ ಹೊರಗೆ ಓಡಿದ ಮೇಲೆ ಗಿಟಾರ್ ಒಳಗೇ ಉಳಿದದ್ದು ನೆನಪಾಗಿ ಇವರು ಬೆಂಕಿಗೆ ವಾಪಸ್ ನುಗ್ಗಿದರು. ಆ ರಾತ್ರಿ ಇಬ್ಬರು ಸತ್ತರು. ಜಗಳ ಲೂಸಿಲ್ ಎಂಬ ಹೆಂಗಸಿಗಾಗಿ ಅಂತ ಮರುದಿನ ಗೊತ್ತಾಯಿತು. ಇನ್ನೆಂದೂ ಅಂಥ ಹುಚ್ಚು ಕೆಲಸ ಮಾಡಬಾರದು ಎಂದು ನೆನಪಿಟ್ಟುಕೊಳ್ಳಲು ಅವರು ಗಿಟಾರಿಗೆ ಲೂಸಿಲ್ ಎಂದೇ ಹೆಸರಿಟ್ಟರು. ಆಮೇಲೆ ಬಂದ ಪ್ರತಿ ಗಿಟಾರಿಗೂ ಅದೇ ಹೆಸರು.

1952ರಲ್ಲಿ ಅವರ ಹಾಡು ಕರಿಯರ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. 1956ರ ಒಂದೇ ವರ್ಷದಲ್ಲಿ 342 ಕಚೇರಿ ಕೊಟ್ಟರು. ಬಸ್ಸಿನಲ್ಲೇ ನಿದ್ದೆ. ಕರಿಯರಿಗೆ ಕೋಣೆ ಕೊಡದ ಊರುಗಳೇ ಜಾಸ್ತಿ. 60ರ ದಶಕದಲ್ಲಿ ಕರಿಯ ಯುವಕರೇ ಬ್ಲೂಸ್‌ನಿಂದ ದೂರ ಸರಿಯತೊಡಗಿದರು. ಅಪ್ಪ ಅಮ್ಮ ಬಿಟ್ಟು ಬಂದ ಹತ್ತಿ ಹೊಲವನ್ನು ಅದು ನೆನಪಿಸುತ್ತಿತ್ತು, ಅವರನ್ನು ದೂರುವ ಹಾಗಿಲ್ಲ. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ಸಭಾಂಗಣಕ್ಕೆ ಹಾಡಲು ಹೋದಾಗ ಅಲ್ಲಿದ್ದದ್ದು ಉದ್ದ ಕೂದಲಿನ ಬಿಳಿ ಹುಡುಗರು. ತಪ್ಪು ವಿಳಾಸಕ್ಕೆ ಬಂದೆ ಅಂದುಕೊಂಡರಂತೆ. ಹೆಸರು ಕರೆದದ್ದೇ ಇಡೀ ಸಭೆ ಎದ್ದು ನಿಂತಿತು. ಅವರು ಅತ್ತುಬಿಟ್ಟರು.

ನೀವು ಅಳುವ ಹಾಡು ಎಂದಿರಲ್ಲ, ಅದಕ್ಕೆ ಉತ್ತರ 1964ರ ನವೆಂಬರ್ 21ರಂದು ಶಿಕಾಗೋದ ರೀಗಲ್ ಥಿಯೇಟರಿನಲ್ಲಿ ಧ್ವನಿಮುದ್ರಿಸಿದ ಕಚೇರಿಯಲ್ಲಿದೆ. ಅಲ್ಲಿ ಕೂತವರಲ್ಲಿ ಎಷ್ಟೋ ಜನ ಮಿಸಿಸಿಪಿಯಿಂದ ರೈಲು ಹತ್ತಿ ಬಂದವರು, ಇಲ್ಲವೇ ಅಂಥವರ ಮಕ್ಕಳು. ಒಂದು ಹಾಡಿನಲ್ಲಿ ಗಂಡ ದೂರುತ್ತಾನೆ: ಹೊಸ ಫೋರ್ಡ್ ಕಾರು ಕೊಡಿಸಿದರೆ ಇನ್ನೂ ದುಬಾರಿ ಕ್ಯಾಡಿಲಾಕ್ ಕೇಳಿದೆ, ಹತ್ತು ಡಾಲರಿನ ಊಟ ಹಾಕಿಸಿದರೆ ತಿಂಡಿಗೆ ಥ್ಯಾಂಕ್ಸ್ ಅಂದೆ. ಪ್ರತಿ ಸಾಲಿಗೂ ಸಭೆಯ ಗದ್ದಲ ಏರುತ್ತದೆ. ಕೊನೆಗೆ, ಏಳು ಮಕ್ಕಳನ್ನು ಕೊಟ್ಟೆ, ಈಗ ಅವನ್ನೂ ವಾಪಸ್ ಕೊಡ್ತೀನಿ ಅಂತೀಯಲ್ಲ ಎಂದಾಗ ಥಿಯೇಟರ್ ಕಿರುಚುತ್ತದೆ. ದುಃಖವನ್ನು ಎದುರಿಗಿಟ್ಟುಕೊಂಡು ಸಾವಿರ ಜನ ಒಟ್ಟಿಗೆ ನಗುವುದನ್ನು ನೀವು ಅಲ್ಲಿ ಕೇಳಬಹುದು. ಗುಂಪು ಮತ್ತೆ ಓಗೊಡುತ್ತಿದೆ.

1970ರಲ್ಲಿ ಶಿಕಾಗೋದ ಕುಕ್ ಕೌಂಟಿ ಜೈಲಿನಲ್ಲಿ ಕೈದಿಗಳಿಗೆ ಹಾಡಿದರು. ಶುರುವಿನಲ್ಲಿ ಅಧಿಕಾರಿಗಳ ಹೆಸರು ಹೇಳಿದಾಗ ಕೈದಿಗಳು ಛೀಮಾರಿ ಹಾಕುವುದು ತಟ್ಟೆಯಲ್ಲಿ ಹಾಗೇ ಇದೆ. ಅದೇ ಜನ ಇವರ ಮೊದಲ ಸ್ವರಕ್ಕೆ ಮಕ್ಕಳಂತೆ ಕೂಗುತ್ತಾರೆ. ಒಟ್ಟು 15 ಗ್ರ್ಯಾಮಿ ಸಂಗೀತ ಪ್ರಶಸ್ತಿ, 2006ರಲ್ಲಿ ಅಮೆರಿಕದ ಅಧ್ಯಕ್ಷರಿಂದ ಪದಕ, ಎಲ್ಲ ಬಂತು. ಮಧುಮೇಹವಿದ್ದರೂ, ಕುರ್ಚಿಯಲ್ಲಿ ಕೂತಾದರೂ, ಎಂಬತ್ತು ದಾಟಿದ ಮೇಲೂ ನುಡಿಸಿದರು. 2015ರ ಮೇ 14ರಂದು ಲಾಸ್ ವೇಗಸ್‌ನಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದು ಇಂಡಿಯನೋಲದಲ್ಲಿ, ಟ್ರ್ಯಾಕ್ಟರ್ ಓಡಿಸಿದ ಊರಿನಲ್ಲಿ.

ಹಾಡುತ್ತಾ ನುಡಿಸಲು ತನಗೆ ಬರುವುದಿಲ್ಲ, ಕಾರ್ಡ್ ಹಿಡಿಯುವುದೂ ಅಷ್ಟಕ್ಕಷ್ಟೇ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಹಾಡಿದಾಗ ಲೂಸಿಲ್ ಸುಮ್ಮನೆ ಕೇಳುತ್ತಾಳೆ. ಇವರು ಬಾಯಿ ಮುಚ್ಚಿದ ಮೇಲೆ ಅವಳು ಮಾತಾಡುತ್ತಾಳೆ. ನೀವು ಎಣಿಸಿದ ನಾಲ್ಕು ಸ್ವರ ಅವಳವು.

ಈ ಸಲ ಫೋನಿನಲ್ಲಿ ಬೇಡ. ಮಗನಿಗೆ ಹೇಳಿ, ಒಳ್ಳೆಯ ಸ್ಪೀಕರಿಗೆ ಹಾಕಿಸಿ ಆ ರೀಗಲ್ ಕಚೇರಿ ಕೇಳಿ. ಏಳು ಮಕ್ಕಳ ಸಾಲು ಬಂದಾಗ ಸ್ವಲ್ಪ ದನಿ ಏರಿಸಿ. ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.

– ಸಂಪಾದಕ